ನಮ್ಮ ವಿಳಾಸವೂ ನಮ್ಮ ಹೊಣೆಯೂ

ಶಾಲೆಯ ಸ್ಮರಣಸಂಚಿಕೆಯು ಕೈಗೆ ಬಂದೊಡನೆ ನಮ್ಮಲ್ಲಿ ಅನೇಕರು ಮೊದಲು ತೆರೆದು ನೋಡುವುದು ಮುನ್ನುಡಿಯನ್ನಲ್ಲ, ವಾರ್ಷಿಕ ವರದಿಯನ್ನೂ ಅಲ್ಲ, ಕಡೆಯ ಹಾಳೆಗಳನ್ನು. ಹಳೆಯ ವಿದ್ಯಾರ್ಥಿನಿಯರ ಹೆಸರುಗಳೂ ವಿಳಾಸಗಳೂ ಅಚ್ಚಾಗಿರುವುದು ಅಲ್ಲಿಯೇ. ಒಂದೇ ಬೆಂಚಿನಲ್ಲಿ ಕುಳಿತು ಓದಿದವಳು ಈಗ ಯಾವ ಊರಿನಲ್ಲಿರುವಳು, ಮದುವೆಯಾದ ಮೇಲೆ ಅವಳ ಹೆಸರೇನಾಯಿತು, ಉಪಾಧ್ಯಾಯಿನಿಯಾಗಿರುವಳೋ, ದಾದಿಯಾಗಿರುವಳೋ, ಗೃಹಿಣಿಯಾಗಿರುವಳೋ ಎಂಬುದನ್ನು ನಾವು ಆ ಹಾಳೆಗಳಿಂದ ತಿಳಿಯುತ್ತೇವೆ. ತವರಿನ ಹೆಸರನ್ನು ಬಿಟ್ಟು ಬೇರೊಂದು ಹೆಸರನ್ನು ತಾಳಿ, ದೂರದ ಊರುಗಳಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿರುವ ಹೆಣ್ಣುಮಕ್ಕಳನ್ನು ಮರಳಿ ಒಂದುಗೂಡಿಸುವುದಕ್ಕೆ ಇಷ್ಟು ಉಪಕಾರಿಯಾದ ಸಾಧನವು ಮತ್ತೊಂದಿಲ್ಲವೆಂದೇ ಹೇಳಬೇಕು.

ಈಗ ಆ ಪಟ್ಟಿಯ ವಿಷಯವಾಗಿ ನಮ್ಮ ಬಳಗದಲ್ಲಿ ಒಂದು ಸಲಹೆಯು ಹುಟ್ಟಿದೆ. ಪಟ್ಟಿಯನ್ನು ಅಚ್ಚುಹಾಕಿ ಕೆಲವೇ ಮಂದಿಗೆ ಹಂಚುವುದಕ್ಕಿಂತ, ಪ್ರತಿಯೊಬ್ಬರ ಇ-ಮೇಲ್ ವಿಳಾಸವನ್ನೂ ಸೇರಿಸಿ ಅಂತರ್ಜಾಲದಲ್ಲಿ ಪ್ರಕಟಿಸಿದರೆ, ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನೋಡಿಕೊಳ್ಳಬಹುದಲ್ಲವೇ ಎಂಬುದೇ ಆ ಸಲಹೆ. ಇದನ್ನು ತಂದವರು ಒಳ್ಳೆಯ ಮನಸ್ಸಿನಿಂದಲೇ ತಂದಿರುವರು, ಅದರಲ್ಲಿ ಸಂದೇಹವಿಲ್ಲ. ಆದರೂ ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾಗಿದೆ. ಬರಿದೇ ಬೇಡವೆಂದು ಹೇಳಿ ಸುಮ್ಮನಾಗುವುದು ನ್ಯಾಯವಲ್ಲವಾದುದರಿಂದ, ಏಕೆ ಬೇಡ, ಅದಕ್ಕೆ ಬದಲಾಗಿ ಏನು ಮಾಡಬಹುದು ಎಂಬೆರಡನ್ನೂ ಸಹೋದರಿಯರ ಮುಂದಿಡುವೆವು.

ಅಂಚೆಯ ವಿಳಾಸವೂ ಇ-ಮೇಲ್ ವಿಳಾಸವೂ ಒಂದೇ ಬಗೆಯವೆಂದು ಭಾವಿಸುವುದೇ ಈ ವಿಷಯದಲ್ಲಿ ನಾವು ಮಾಡುವ ಮೊದಲನೆಯ ತಪ್ಪು. ಹಿಂದೆ ನಮ್ಮ ಮನೆಯ ವಿಳಾಸವು ಸಾವಿರ ಪ್ರತಿಗಳಲ್ಲಿ ಅಚ್ಚಾದರೂ ನಮಗೆ ಬರುತ್ತಿದ್ದ ಕಾಗದಗಳು ತಿಂಗಳಿಗೆ ನಾಲ್ಕೋ ಐದೋ ಮಾತ್ರ. ಕಾರಣವೇನೆಂದರೆ, ಬರೆಯುವವನು ಕಾಗದವನ್ನು ಕೊಳ್ಳಬೇಕಾಗಿತ್ತು, ಕೈಯಾರೆ ಬರೆಯಬೇಕಾಗಿತ್ತು, ಅಂಚೆಚೀಟಿಯನ್ನು ಅಂಟಿಸಬೇಕಾಗಿತ್ತು. ಇಷ್ಟು ಶ್ರಮವನ್ನೂ ವೆಚ್ಚವನ್ನೂ ವಹಿಸಿದವನಿಗೆ ನಮ್ಮೊಡನೆ ಏನಾದರೊಂದು ನಿಜವಾದ ಕೆಲಸವಿದ್ದೇ ಇರುತ್ತಿತ್ತು. ಅಂಚೆಚೀಟಿಯ ಆ ಅಲ್ಪ ಬೆಲೆಯೇ ನಮ್ಮ ಬಾಗಿಲಿಗೆ ಕಾವಲಾಗಿತ್ತು. ಇ-ಮೇಲಿನಲ್ಲಿ ಆ ಕಾವಲಿಲ್ಲ. ಒಂದು ಪತ್ರಕ್ಕೆ ತಗಲುವಷ್ಟೇ ಶ್ರಮದಿಂದ ಹತ್ತು ಲಕ್ಷ ಪತ್ರಗಳನ್ನು ಕಳುಹಿಸಬಹುದು. ಅವುಗಳನ್ನು ಓದುವ, ಆರಿಸುವ, ಅಳಿಸುವ ಬೇಸರವೆಲ್ಲವೂ ಪಡೆಯುವವರ ಪಾಲಿಗೆ ಬರುತ್ತದೆ. ಹತ್ತು ಲಕ್ಷದಲ್ಲಿ ಹತ್ತು ಮಂದಿ ಮೋಸಹೋದರೂ ಕಳುಹಿಸಿದವನಿಗೆ ಲಾಭವೇ ಸರಿ.

ಈ ಉಪದ್ರವವು ಹೊಸತೇನೂ ಅಲ್ಲ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಇಂಜಿನಿಯರರು ಆರ್ಪಾನೆಟ್ ಎಂಬ ಜಾಲದ ಮೂಲಕ ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಪತ್ರವನ್ನು ಕಳುಹಿಸುವ ಕ್ರಮವನ್ನು ಕಂಡುಹಿಡಿದರು. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಿ ತೋರಿಸುವುದಕ್ಕಾಗಿ '@' ಎಂಬ ಚಿಹ್ನೆಯನ್ನು ಆರಿಸಿದವರೂ ಅವರೇ. ಅದಾಗಿ ಏಳೇ ವರ್ಷಗಳಲ್ಲಿ, ಅಂದರೆ 1978ರ ಮೇ 3ರಂದು, ಗ್ಯಾರಿ ಥರ್ಕ್ ಎಂಬ ವ್ಯಾಪಾರದ ಅಧಿಕಾರಿಯು ತನ್ನ ಸಂಸ್ಥೆಯ ಹೊಸ ಯಂತ್ರಗಳ ಪ್ರಚಾರಕ್ಕಾಗಿ ಸುಮಾರು 400 ಮಂದಿಗೆ, ಅವರು ಕೇಳದೆಯೇ, ಒಂದೇ ಪತ್ರವನ್ನು ಕಳುಹಿಸಿದನು. ಕೇಳದೆ ಬಂದ ಇಂಥ ಪತ್ರಗಳಲ್ಲಿ ಮೊದಲನೆಯದೆಂದು ಅದನ್ನೇ ಎಣಿಸುವರು. ಇವಕ್ಕೆ ಈಗ ಸ್ಪ್ಯಾಮ್ ಎಂದು ಹೆಸರು. ಅದು ವಾಸ್ತವವಾಗಿ 1937ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿರುವ ಡಬ್ಬಿಯ ಮಾಂಸವೊಂದರ ಹೆಸರು. 1970ರ ಬ್ರಿಟಿಷ್ ಹಾಸ್ಯನಾಟಕವೊಂದರಲ್ಲಿ ಆ ಒಂದೇ ಶಬ್ದವನ್ನು ಬಾರಿಬಾರಿಗೂ ಕೂಗಿ ಉಳಿದವರ ಮಾತೇ ಕೇಳಿಸದಂತೆ ಮಾಡುವರು. ಬೇಡದ ಮಾತಿನ ಗದ್ದಲದಲ್ಲಿ ಬೇಕಾದ ಮಾತು ಮುಳುಗಿಹೋಗುವುದೆಂಬ ಈ ಅರ್ಥವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಾವು ಹೇಳತಕ್ಕದ್ದಕ್ಕೆ ಅದೇ ಆಧಾರವಾಗಿದೆ.

ನಮ್ಮ ವಿಳಾಸವು ಇಂಥವರ ಕೈಗೆ ಹೇಗೆ ಸಿಕ್ಕುವುದೆಂದು ಕೆಲವರು ಆಶ್ಚರ್ಯಪಡುವರು. ಅನೇಕ ವೇಳೆ ನಾವೇ ಕೊಟ್ಟಿರುತ್ತೇವೆ. ಅಂತರ್ಜಾಲದ ಪುಟಗಳನ್ನು ಹಗಲಿರುಳೂ ಒಂದಾದ ಮೇಲೊಂದರಂತೆ ಓದುತ್ತ, '@' ಎಂಬ ಗುರುತು ಕಂಡಲ್ಲೆಲ್ಲ ಅದರ ಹಿಂದುಮುಂದಿನ ಅಕ್ಷರಗಳನ್ನು ಕೊಯ್ದು ರಾಶಿಹಾಕುವ ಪ್ರೋಗ್ರಾಮುಗಳುಂಟು. ಪುಟವು ಯಾವ ಉದ್ದೇಶಕ್ಕಾಗಿ ಬರೆಯಲ್ಪಟ್ಟಿತೆಂಬ ವಿವೇಚನೆಯು ಅವಕ್ಕಿಲ್ಲ. ಮರಣವಾರ್ತೆಯಾದರೂ ಸರಿ, ಮದುವೆಯ ಕರೆಯಾದರೂ ಸರಿ, ಶಾಲೆಯ ಪಟ್ಟಿಯಾದರೂ ಸರಿ. ಹೀಗೆ ಕೂಡಿದ ರಾಶಿಗಳನ್ನು ಮಾರುವವರೂ ಕೊಳ್ಳುವವರೂ ಇದ್ದಾರೆ. 2002ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರಕಾರಿ ಮಂಡಲಿಯು ಹೊಸದಾಗಿ ಮಾಡಿದ 250 ವಿಳಾಸಗಳನ್ನು ಅಂತರ್ಜಾಲದ ನಾನಾ ಸ್ಥಳಗಳಲ್ಲಿ ಬರೆದಿಟ್ಟು ಪರೀಕ್ಷೆಮಾಡಿತು. ಜಾಲಪುಟಗಳಲ್ಲಿ ಇಟ್ಟ ವಿಳಾಸಗಳಲ್ಲಿ ನೂರಕ್ಕೆ 86ಕ್ಕೆ ಸ್ಪ್ಯಾಮ್ ಬಂದಿತು. ಆ ವಿಳಾಸಗಳ ಹಿಂದೆ ಯಾವ ಮನುಷ್ಯನೂ ಇರಲಿಲ್ಲ, ಅವರಿಗೆ ಪತ್ರ ಬರೆಯುವ ಬಂಧುವೂ ಇರಲಿಲ್ಲವೆಂಬುದನ್ನು ಯೋಚಿಸಿದರೆ, ಈ ಕೊಯ್ಲು ಎಷ್ಟು ವ್ಯಾಪಕವಾದುದೆಂದು ತಿಳಿಯುವುದು.

ಬೇಡದ ಜಾಹೀರಾತು ಬಂದರೆ ಅಳಿಸಿಬಿಟ್ಟರಾಯಿತು, ಅದರಿಂದೇನು ನಷ್ಟವೆಂದು ಕೇಳುವವರಿಗೆ ವರ್ಮ್ ಎಂಬ ಹುಳುವಿನ ಸಂಗತಿಯನ್ನು ಹೇಳಬೇಕಾಗಿದೆ. ಇದು ತನ್ನನ್ನು ತಾನೇ ನಕಲುಮಾಡಿಕೊಂಡು ಯಂತ್ರದಿಂದ ಯಂತ್ರಕ್ಕೆ ಹರಡುವ ದುಷ್ಟ ಪ್ರೋಗ್ರಾಮು. 1999ರ ಮಾರ್ಚಿಯಲ್ಲಿ ಹಬ್ಬಿದ ಮೆಲಿಸ್ಸಾ ಎಂಬುದು, ಪತ್ರದೊಡನೆ ಬಂದ ಕಡತವನ್ನು ಒಬ್ಬರು ತೆರೆದೊಡನೆ, ಅವರ ವಿಳಾಸಪುಸ್ತಕದ ಮೊದಲ 50 ವಿಳಾಸಗಳಿಗೆ ಅವರ ಹೆಸರಿನಲ್ಲಿಯೇ ಪತ್ರವನ್ನು ಕಳುಹಿಸುತ್ತಿತ್ತು. 2000ದ ಮೇ 4ರಂದು ಫಿಲಿಪ್ಪೀನ್ಸ್ ದೇಶದಿಂದ ಹೊರಟ 'ಐ ಲವ್ ಯೂ' ಎಂಬ ಹುಳುವು ಪ್ರೇಮಪತ್ರದ ವೇಷದಲ್ಲಿ ಬಂದು ಪುಸ್ತಕದ ಎಲ್ಲ ವಿಳಾಸಗಳಿಗೂ ಹೋಗುತ್ತಿತ್ತು. ಅಂಥ ಕೃತ್ಯವನ್ನು ಶಿಕ್ಷಿಸುವ ಕಾನೂನು ಆಗ ಆ ದೇಶದಲ್ಲಿ ಇರಲಿಲ್ಲವಾದುದರಿಂದ ಅಪರಾಧಿಗೆ ದಂಡನೆಯಾಗಲಿಲ್ಲ. ಮರುತಿಂಗಳಲ್ಲಿ ಅಲ್ಲಿ ಕಾನೂನು ಆಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ಇಲ್ಲಿ ನೆನಪಿಗೆ ಬರುತ್ತದೆ.

2004ರ ಜನವರಿಯಲ್ಲಿ ಕಾಣಿಸಿಕೊಂಡ ಮೈಡೂಮ್ ಎಂಬುದು ಇನ್ನೂ ಕುಟಿಲವಾದುದು. ಅದು ವಿಳಾಸಪುಸ್ತಕವನ್ನು ಮಾತ್ರವಲ್ಲದೆ ಯಂತ್ರದಲ್ಲಿ ಉಳಿದಿರುವ ಬೇರೆ ಕಡತಗಳನ್ನೂ, ಹಿಂದೆ ನೋಡಿದ ಜಾಲಪುಟಗಳ ಪ್ರತಿಗಳನ್ನೂ ಕೆದಕಿ ವಿಳಾಸಗಳನ್ನು ಹುಡುಕುತ್ತಿತ್ತು. ಅಷ್ಟೇ ಅಲ್ಲ, ಹಾಗೆ ಸಿಕ್ಕಿದ ವಿಳಾಸಗಳಲ್ಲಿ ಒಂದನ್ನು ಕಳುಹಿಸಿದವರ ಹೆಸರಾಗಿ ಹಾಕಿ ಮತ್ತೊಂದಕ್ಕೆ ಪತ್ರವನ್ನು ಅಟ್ಟುತ್ತಿತ್ತು. ಇದರ ಅರ್ಥವೇನು? ನಾವು ಒಂದು ಪುಟದಲ್ಲಿ ವಿಳಾಸವನ್ನು ಬರೆದಿರುತ್ತೇವೆ. ಎಲ್ಲಿಯೋ ಇರುವ ಅಪರಿಚಿತನೊಬ್ಬನು ಆ ಪುಟವನ್ನು ನೋಡಿರುತ್ತಾನೆ. ಅವನ ಯಂತ್ರಕ್ಕೆ ಹುಳು ಹತ್ತಿದರೆ, ಆ ಪುಟದಲ್ಲಿದ್ದ ನಮ್ಮ ಹೆಸರಿನಿಂದ ಅದೇ ಪುಟದಲ್ಲಿದ್ದ ನಮ್ಮ ಗೆಳತಿಗೆ ವಿಷಪತ್ರವು ಹೋಗುತ್ತದೆ. ನಮ್ಮ ಯಂತ್ರವು ಶುದ್ಧವಾಗಿದ್ದರೂ ನಮ್ಮ ಹೆಸರು ಕೆಡುತ್ತದೆ. 2014ರ ಮೇಲೆ ಹರಡಿದ ಎಮೊಟೆಟ್ ಎಂಬುದಂತೂ, ಮುಂದಕ್ಕೆ ಇನ್ನೂ ಒಂದು ಹೆಜ್ಜೆಯಿಟ್ಟು, ಇಬ್ಬರ ನಡುವೆ ನಿಜವಾಗಿ ನಡೆದ ಪತ್ರವ್ಯವಹಾರವನ್ನೇ ಕದ್ದು ಅದಕ್ಕೆ ಉತ್ತರವೆಂಬಂತೆ ಬರುತ್ತಿತ್ತು. 2021ರ ಜನವರಿಯಲ್ಲಿ ಹಲವು ದೇಶಗಳ ಪೋಲೀಸರು ಒಟ್ಟುಗೂಡಿ ಅದನ್ನು ಮುರಿದರು. ಆದರೆ ಆ ವರ್ಷವೇ ನವೆಂಬರಿನಲ್ಲಿ ಅದು ಮತ್ತೆ ತಲೆಯೆತ್ತಿತು.

ಇಲ್ಲಿ ನಮ್ಮ ಬಳಗದಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳುವೆವು. ನಿವೃತ್ತರಾದ ಉಪಾಧ್ಯಾಯಿನಿಯೊಬ್ಬರು, ನಾವೆಲ್ಲರೂ ಅಕ್ಕನವರೆಂದು ಕರೆಯುವವರು, ತಾವು ಸದಸ್ಯರಾಗಿದ್ದ ಒಂದು ಸಂಘದ ಜಾಲಪುಟದಲ್ಲಿ ತಮ್ಮ ಹೆಸರನ್ನೂ ವಿಳಾಸವನ್ನೂ ಬರೆಯಿಸಿದ್ದರು. ಅದೇ ಪುಟದಲ್ಲಿ ಅವರ ಬಾಲ್ಯಸ್ನೇಹಿತೆಯ ಹೆಸರೂ ಇದ್ದಿತು. ಒಂದು ದಿನ ಆ ಸ್ನೇಹಿತೆಯ ಹೆಸರಿನಲ್ಲಿ ಪತ್ರ ಬಂದಿತು: ಪರಸ್ಥಳದಲ್ಲಿ ಚೀಲವು ಕಳುವಾಯಿತು, ದೂರವಾಣಿಯೂ ಹೋಯಿತು, ಆಸ್ಪತ್ರೆಗೆ ಕೂಡಲೇ ಹಣ ಕಟ್ಟಬೇಕು, ದಯವಿಟ್ಟು ಕಳುಹಿಸು, ಮನೆಯವರಿಗೆ ತಿಳಿಸಬೇಡ. ಅಕ್ಕನವರು ಹಿಂದುಮುಂದು ನೋಡದೆ ಪಿಂಚಣಿಯ ಹಣದಿಂದ ಇಪ್ಪತ್ತು ಸಾವಿರ ರೂಪಾಯಿಗಳನ್ನು ಕಳುಹಿಸಿಬಿಟ್ಟರು. ಸ್ನೇಹಿತೆಯು ತನ್ನ ಮನೆಯಲ್ಲಿ ಕ್ಷೇಮವಾಗಿಯೇ ಇದ್ದಳೆಂದು ತಿಳಿದದ್ದು ಮರುದಿನ.

ಹಣವು ಹೋದದ್ದು ದೊಡ್ಡ ನಷ್ಟವೇ. ಆದರೆ ಅದಕ್ಕಿಂತ ದೊಡ್ಡ ನಷ್ಟವು ಆಮೇಲೆ ಆಯಿತು. ಅಂದಿನಿಂದ ಅಕ್ಕನವರು ಗುರುತಿಲ್ಲದ ವಿಳಾಸದಿಂದ ಬಂದ ಯಾವ ಪತ್ರವನ್ನೂ ತೆರೆಯದೆ ಅಳಿಸತೊಡಗಿದರು. ಕೆಲವು ತಿಂಗಳುಗಳ ಮೇಲೆ, ಅವರ ಶಿಷ್ಯಳೊಬ್ಬಳು ವಿದೇಶದಿಂದ ಊರಿಗೆ ಬಂದವಳು ಅವರನ್ನು ಕಾಣಬೇಕೆಂದು ಮೂರು ಬಾರಿ ಬರೆದಳು. ಉತ್ತರ ಬಾರದಿರಲು, ಅಕ್ಕನವರು ತನ್ನನ್ನು ಮರೆತರೆಂದು ತಿಳಿದು ನೊಂದು ಹಿಂದಿರುಗಿದಳು. ಈ ಸಂಗತಿಯು ನಮಗೆ ಇನ್ನೊಬ್ಬರ ಬಾಯಿಂದ ತಿಳಿಯಿತು. ಅಕ್ಕನವರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಆದುದರಿಂದಲೇ ನಾವು ಹೇಳುವುದೇನೆಂದರೆ, ಸ್ಪ್ಯಾಮು ನಮ್ಮ ಹಣವನ್ನು ಕದಿಯುವುದಕ್ಕಿಂತ ಹೆಚ್ಚಾಗಿ ನಮ್ಮ ವಿಶ್ವಾಸವನ್ನು ಕದಿಯುತ್ತದೆ. ಸುಳ್ಳುಪತ್ರಗಳ ನಡುವೆ ನಿಜವಾದ ಪತ್ರವು ಅನಾಥವಾಗುತ್ತದೆ. ನಮ್ಮನ್ನು ಒಂದುಗೂಡಿಸುವುದಕ್ಕೆಂದು ಪ್ರಕಟಿಸಿದ ಪಟ್ಟಿಯೇ, ನಾವು ಒಬ್ಬರ ಪತ್ರವನ್ನೊಬ್ಬರು ನಂಬದಂತೆ ಮಾಡಿದರೆ, ಅಂಥ ಪಟ್ಟಿಯಿಂದ ಪ್ರಯೋಜನವೇನು?

ಇದಕ್ಕೆ ವಿರುದ್ಧವಾಗಿ ಹೇಳಬಹುದಾದ ಮಾತುಗಳನ್ನೂ ನಾವು ಆಲೋಚಿಸಿದ್ದೇವೆ. ಈಗಿನ ಅಂಚೆಸೇವೆಗಳು ಸ್ಪ್ಯಾಮನ್ನು ತಾವೇ ಸೋಸಿ ಬೇರೆಯಿಡುತ್ತವೆಂದು ಕೆಲವರು ಹೇಳುವರು. ಅದು ನಿಜ. 2024ರಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ರಾಶಿರಾಶಿಯಾಗಿ ಪತ್ರ ಕಳುಹಿಸುವವರು ತಮ್ಮ ಗುರುತನ್ನು ರುಜುವಾತುಪಡಿಸಬೇಕೆಂದು ವಿಧಿಸಿರುವುದೂ ಒಳ್ಳೆಯದೇ ಆಯಿತು. ಆದರೆ ಜರಡಿಯು ಎಷ್ಟೇ ಸಣ್ಣದಾಗಿದ್ದರೂ ಕೆಲವು ಕಲ್ಲುಗಳು ಕೆಳಗಿಳಿಯುತ್ತವೆ, ಕೆಲವು ಕಾಳುಗಳು ಮೇಲೆಯೇ ಉಳಿಯುತ್ತವೆ. ಅದರಲ್ಲಿಯೂ ಹೆಸರು ಹಿಡಿದು ಒಬ್ಬರಿಗಾಗಿಯೇ ಬರೆದ ಮೋಸದ ಪತ್ರವನ್ನು ಯಂತ್ರವು ಗುರುತಿಸುವುದು ಕಷ್ಟ.

ನಮ್ಮ ವಿಳಾಸಗಳು ಆಗಲೇ ಎಲ್ಲೆಲ್ಲಿಯೋ ಸೋರಿಹೋಗಿವೆ, ಇನ್ನು ಮುಚ್ಚಿಡುವುದೇಕೆಂದು ಮತ್ತೆ ಕೆಲವರು ಹೇಳುವರು. ಅವರಿಗೆ ನಮ್ಮ ಉತ್ತರವಿದು: ಬರಿಯ ವಿಳಾಸವೊಂದು ಸೋರಿದರೆ ವಂಚಕನಿಗೆ ಒಂದು ಬಾಗಿಲು ಗೊತ್ತಾಗುವುದು. ನಮ್ಮ ಪಟ್ಟಿಯಾದರೋ ವಿಳಾಸದೊಡನೆ ನಾವು ಓದಿದ ಶಾಲೆಯನ್ನೂ, ಬಿಟ್ಟ ವರ್ಷವನ್ನೂ, ಜೊತೆಯಲ್ಲಿ ಓದಿದವರ ಹೆಸರುಗಳನ್ನೂ ತಿಳಿಸುವುದು. ಆ ಬಾಗಿಲಲ್ಲಿ ನಿಂತು ಯಾರ ದನಿಯಲ್ಲಿ ಕೂಗಿದರೆ ನಾವು ಅಗುಳಿ ತೆಗೆಯುವೆವೆಂಬುದನ್ನೂ ಅದು ಹೇಳಿಕೊಡುವುದು.

ಮೂರನೆಯ ಆಕ್ಷೇಪವೊಂದುಂಟು, ನಮ್ಮ ಮನಸ್ಸಿಗೆ ಹೆಚ್ಚಾಗಿ ನಾಟಿದ್ದು ಅದೇ. ಹೆಣ್ಣುಮಕ್ಕಳ ಹೆಸರನ್ನು ಬಹುಕಾಲ ತಂದೆಯ ಹೆಸರಿನ ಹಿಂದೆಯೂ ಗಂಡನ ಹೆಸರಿನ ಹಿಂದೆಯೂ ಮರೆಮಾಡಿದ್ದಾಯಿತು. ಈಗ ತಮ್ಮ ಹೆಸರಿನಿಂದಲೇ ಲೋಕದ ಮುಂದೆ ನಿಲ್ಲುವ ಕಾಲ ಬಂದಿರುವಾಗ ಮತ್ತೆ ಮುಸುಕೇ, ಎಂದು ನಮ್ಮ ಕಿರಿಯ ಸಹೋದರಿಯರು ಕೇಳಬಹುದು. ಹೆಸರನ್ನು ಮರೆಮಾಡಬೇಕೆಂದು ನಾವು ಹೇಳುವುದಿಲ್ಲ. ಹೆಸರನ್ನೂ, ಉದ್ಯೋಗವನ್ನೂ, ಸಾಧನೆಯನ್ನೂ ದೊಡ್ಡ ಅಕ್ಷರಗಳಲ್ಲಿಯೇ ಬರೆಯಲಿ. ಆದರೆ ಬಾಗಿಲ ಮೇಲೆ ಹೆಸರಿನ ಹಲಗೆಯನ್ನು ಹಾಕುವುದು ಬೇರೆ, ಬೀಗದ ಕೈಯನ್ನು ಅದರ ಪಕ್ಕದಲ್ಲಿ ತೂಗುಹಾಕುವುದು ಬೇರೆ. ಯಾರನ್ನು ಒಳಗೆ ಕರೆಯಬೇಕೆಂಬ ಅಧಿಕಾರವು ಮನೆಯವಳದಾಗಿರುವುದು ಮುಸುಕಲ್ಲ, ಅದೇ ಸ್ವಾತಂತ್ರ್ಯ.

ಹಾಗಾದರೆ ಮಾಡತಕ್ಕದ್ದೇನು? ಪಟ್ಟಿಯ ವಿಷಯದಲ್ಲಿ ನಮ್ಮ ಸೂಚನೆಯು ಸರಳವಾಗಿದೆ. ಒಪ್ಪಿಗೆ ಕೊಟ್ಟವರ ಹೆಸರನ್ನೂ, ತವರಿನ ಹೆಸರನ್ನೂ, ಶಾಲೆ ಬಿಟ್ಟ ವರ್ಷವನ್ನೂ ಮಾತ್ರ ಜಾಲಪುಟದಲ್ಲಿ ಪ್ರಕಟಿಸಬೇಕು. ಪತ್ರಗಳೆಲ್ಲವೂ ಇದಕ್ಕಾಗಿಯೇ ಶಾಲೆಯು ತೆರೆದ ಒಂದೇ ವಿಳಾಸಕ್ಕೆ ಬರಬೇಕು. ಒಬ್ಬ ಉಪಾಧ್ಯಾಯಿನಿಯೂ ಒಬ್ಬ ಹಳೆಯ ವಿದ್ಯಾರ್ಥಿನಿಯೂ ವಾರಕ್ಕೊಮ್ಮೆ ಅವುಗಳನ್ನು ನೋಡಿ ಸಂಬಂಧಪಟ್ಟವರಿಗೆ ಮುಟ್ಟಿಸಬೇಕು. ಉತ್ತರ ಬರೆಯುವುದೂ ಬಿಡುವುದೂ ಪಡೆದವರ ಇಷ್ಟ. ಇದರಿಂದ ಶ್ರಮವು ಹೆಚ್ಚುವುದೆಂದು ಹೇಳಬಹುದು. ಹಿಂದೆ ಶಾಲೆಯ ವಿಳಾಸಕ್ಕೆ ಬಂದ ಕಾಗದಗಳ ಮೇಲೆ ಹೊಸ ಊರಿನ ಹೆಸರನ್ನು ಕೈಯಿಂದ ಬರೆದು ಮುಂದಕ್ಕೆ ಕಳುಹಿಸುತ್ತಿದ್ದುದುಂಟು. ಇದು ಅದಕ್ಕಿಂತ ಹಗುರವಾದ ಕೆಲಸ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸಹ ವ್ಯಕ್ತಿಯ ಒಪ್ಪಿಗೆಯನ್ನು ಮುಖ್ಯತತ್ತ್ವವಾಗಿ ಇಟ್ಟುಕೊಂಡಿದೆ. 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆ ಬೇಕೆಂದು ಅದು ಹೇಳುವುದರಿಂದ, ಈಗ ಓದುತ್ತಿರುವ ಬಾಲಿಕೆಯರ ವಿಳಾಸಗಳು ಯಾವ ಪುಟದಲ್ಲಿಯೂ ಕಾಣಬಾರದು.

ಇನ್ನು ಪ್ರತಿಯೊಬ್ಬಳೂ ತಾನೇ ಪಾಲಿಸಬಹುದಾದ ಕೆಲವು ನಿಯಮಗಳಿವೆ.

ಮೊದಲನೆಯದಾಗಿ, ಎರಡು ವಿಳಾಸಗಳನ್ನಿಟ್ಟುಕೊಳ್ಳುವುದು ಲೇಸು. ಒಂದು ಬಂಧುಗಳಿಗೂ ಬ್ಯಾಂಕಿಗೂ. ಮತ್ತೊಂದು ಅಂಗಡಿಗಳಿಗೂ ಅರ್ಜಿಗಳಿಗೂ ಸಾರ್ವಜನಿಕ ಪುಟಗಳಿಗೂ. ಎರಡನೆಯದು ಹಾಳಾದರೆ ಅದನ್ನು ಬಿಟ್ಟು ಬೇರೊಂದನ್ನು ಮಾಡಿಕೊಳ್ಳಬಹುದು. ಮೊದಲನೆಯದು ಅಚ್ಚಳಿಯದೆ ಉಳಿಯುವುದು.

ಎರಡನೆಯದಾಗಿ, ಸಾರ್ವಜನಿಕವಾಗಿ ವಿಳಾಸವನ್ನು ಬರೆಯಲೇಬೇಕಾದಲ್ಲಿ '@' ಎಂಬ ಚಿಹ್ನೆಗೆ ಬದಲಾಗಿ 'ಅಟ್' ಎಂದೂ, ಚುಕ್ಕೆಗೆ ಬದಲಾಗಿ 'ಡಾಟ್' ಎಂದೂ ಅಕ್ಷರಗಳಲ್ಲಿ ಬರೆಯಬಹುದು. ಮೇಲೆ ಹೇಳಿದ ಮಂಡಲಿಯೇ 2005ರಲ್ಲಿ ಪುನಃ ಪರೀಕ್ಷಿಸಿದಾಗ, ಮರೆಮಾಡದೆ ಬರೆದ ವಿಳಾಸಗಳಿಗೆ ಐದು ವಾರಗಳಲ್ಲಿ 6,400ಕ್ಕೂ ಹೆಚ್ಚು ಸ್ಪ್ಯಾಮ್ ಪತ್ರಗಳು ಬಂದವು. ಹೀಗೆ ಮರೆಮಾಡಿ ಬರೆದವುಗಳಿಗೆ ಬಂದದ್ದು ಒಂದೇ ಒಂದು. ಆದರೆ ಯಂತ್ರಗಳ ಜಾಣ್ಮೆಯು ಈಗ ಅಂದಿನಂತಿಲ್ಲ; ಚಿತ್ರದಲ್ಲಿರುವ ಅಕ್ಷರಗಳನ್ನು ಸಹ ಅವು ಓದಬಲ್ಲವು. ಆದಕಾರಣ ಇದು ಬೇಲಿಯೇ ಹೊರತು ಕೋಟೆಯಲ್ಲ.

ಮೂರನೆಯದಾಗಿ, ಇತರರ ವಿಳಾಸವು ನಮ್ಮಲ್ಲಿ ಅಡವಿಟ್ಟ ಒಡವೆಯೆಂದು ತಿಳಿಯಬೇಕು. ಹಲವರಿಗೆ ಒಂದೇ ಪತ್ರವನ್ನು ಬರೆಯುವಾಗ ಎಲ್ಲರ ವಿಳಾಸಗಳನ್ನೂ ಎಲ್ಲರಿಗೂ ಕಾಣುವಂತೆ ಸಾಲುಗಟ್ಟಿಸುವುದು ಸರ್ವಸಾಧಾರಣವಾದ ಅಜಾಗ್ರತೆ. ಬಿ.ಸಿ.ಸಿ. ಎಂಬ ಸ್ಥಳದಲ್ಲಿ ಬರೆದರೆ ಒಬ್ಬರ ವಿಳಾಸವು ಮತ್ತೊಬ್ಬರಿಗೆ ಕಾಣುವುದಿಲ್ಲ. ಬಂದ ಪತ್ರವನ್ನು ಇನ್ನೊಬ್ಬರಿಗೆ ದಾಟಿಸುವಾಗ ಅದರಲ್ಲಿರುವ ಹಳೆಯ ವಿಳಾಸಗಳನ್ನು ಅಳಿಸಬೇಕು. ಗೆಳತಿಯ ವಿಳಾಸವನ್ನು ಅವಳನ್ನು ಕೇಳದೆ ಎಲ್ಲಿಯೂ ಬರೆಯಬಾರದು.

ನಾಲ್ಕನೆಯದಾಗಿ, ಪತ್ರದ ಮೇಲಿರುವ ಹೆಸರು ಲಕೋಟೆಯ ಹಿಂದೆ ಬರೆದ ಹೆಸರಿನಂತೆ. ಯಾರು ಬೇಕಾದರೂ ಬರೆಯಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಆತುರಪಡಿಸುವ ಪತ್ರವೂ, ಯಾರಿಗೂ ಹೇಳಬೇಡವೆನ್ನುವ ಪತ್ರವೂ ಬಂದರೆ, ಆ ವ್ಯಕ್ತಿಗೆ ನಮಗೆ ಮೊದಲಿಂದ ಗೊತ್ತಿರುವ ಸಂಖ್ಯೆಯಲ್ಲಿ ದೂರವಾಣಿ ಮಾಡಿ ವಿಚಾರಿಸಿದ ಹೊರತು ಕಡತವನ್ನು ತೆರೆಯಬಾರದು, ಹಣವನ್ನೂ ಕಳುಹಿಸಬಾರದು. ಗುರುತಿಲ್ಲದ ಸ್ಪ್ಯಾಮ್ ಪತ್ರಕ್ಕೆ 'ನನಗೆ ಕಳುಹಿಸಬೇಡಿ' ಎಂದು ಉತ್ತರಿಸುವುದೂ ತಪ್ಪೇ. ಈ ವಿಳಾಸದಲ್ಲಿ ಜೀವಂತರೊಬ್ಬರಿದ್ದಾರೆಂದು ನಾವೇ ತಿಳಿಸಿದಂತಾಗುತ್ತದೆ. ಪಾಸ್‌ವರ್ಡಿನೊಡನೆ ಎರಡನೆಯ ಪರೀಕ್ಷೆಯನ್ನೂ ಏರ್ಪಡಿಸಿಕೊಂಡರೆ ನಮ್ಮ ಅಂಚೆಪೆಟ್ಟಿಗೆಯೇ ಪರರ ವಶವಾಗುವ ಭಯವು ಬಹಳ ಮಟ್ಟಿಗೆ ತಪ್ಪುವುದು.

ಕಡೆಯದಾಗಿ, ಇಷ್ಟಾದರೂ ಮೋಸಹೋದರೆ ನಾಚಿಕೆಯಿಂದ ಸುಮ್ಮನಿರಬಾರದು. ಹಣವು ಹೋದ ಕೂಡಲೇ 1930 ಎಂಬ ಸಹಾಯವಾಣಿಗೆ ತಿಳಿಸಿದರೆ ಅದನ್ನು ದಾರಿಯಲ್ಲಿ ತಡೆಯುವ ಸಂಭವವುಂಟು. ತಡಮಾಡಿದಷ್ಟೂ ಆ ಸಂಭವವು ಕಡಿಮೆಯಾಗುವುದು. ಅಕ್ಕನವರು ಮೂರು ದಿನ ಯಾರಿಗೂ ಹೇಳದೆ ಅತ್ತರು. ಹೇಳಿದ್ದರೆ ನಾವು ಯಾರೂ ನಗುತ್ತಿರಲಿಲ್ಲ. ಕಷ್ಟದಲ್ಲಿರುವ ಗೆಳತಿಗೆ ಸಹಾಯ ಮಾಡಹೋಗಿ ಮೋಸಹೋದದ್ದು ಅವಮಾನವಲ್ಲ; ಅವಮಾನವು ಮೋಸಮಾಡಿದವನದು.

ಈ ಸಂಚಿಕೆಯ ಕಡೆಯ ಹಾಳೆಗಳಲ್ಲಿ ಎಂದಿನಂತೆ ಹೆಸರುಗಳು ಇರಲಿ, ಪ್ರತಿವರ್ಷವೂ ಹೆಚ್ಚುತ್ತಲೇ ಇರಲಿ ಎಂಬುದೇ ನಮ್ಮ ಹಾರೈಕೆ. ಅಕ್ಕನವರ ಆ ಶಿಷ್ಯಳಿಗೆ ನಾವು ಎಲ್ಲವನ್ನೂ ವಿವರಿಸಿ ಬರೆದೆವು. ಅವಳ ಉತ್ತರವು ಬಂದಿದೆ, ಅಕ್ಕನವರಿಗೂ ತಲುಪಿದೆ. ಮುಂದಿನ ರಜೆಯಲ್ಲಿ ಅವಳು ಬರುವಳಂತೆ. ಆದರೆ ಹಾಗೆ ದಾರಿತಪ್ಪಿದ ಪತ್ರಗಳಿಗೆಲ್ಲ ಮಧ್ಯಸ್ಥರು ದೊರೆಯಲಾರರು. ಸಹೋದರಿಯರು ಈ ವಿಷಯವನ್ನು ಚೆನ್ನಾಗಿ ವಿಚಾರಿಸಿ, ಬರುವ ಸಭೆಯಲ್ಲಿ ತಕ್ಕ ತೀರ್ಮಾನವನ್ನು ಮಾಡಬೇಕೆಂದು ಬೇಡುವೆವು.